ಒಂಬತ್ತನೇ ಹೊಲದ ಎಳ್ಳು

ಹೆಸರು ಬದಲಾಯಿಸಿದರೆ ಗಿಡಕ್ಕೆ ಮಾನ ಬರುತ್ತದೆ ಎಂದು ನಂಬಿದವರು ಕಟ್ಟಿದ ಊರು ದಿಬ್ಬಳ್ಳಿ. ಭಂಗಿ ಗಿಡ ಎನ್ನಲು ದೊಡ್ಡವರಿಗೆ ನಾಲಗೆ ಏಳಲಿಲ್ಲವಂತೆ. ಸಭೆಯಲ್ಲಿ ಯಾರಾದರೂ ಕಿಸಕ್ಕೆಂದರೆ ಏನು ಗತಿ? ಅದಕ್ಕೆ ಒಂದು ಸಮಿತಿ ಕೂತು, ಊಟ ಮಾಡಿ, ಎದ್ದು, ಮತ್ತೆ ಕೂತು, ಕೊನೆಗೆ ‘ಸಿರಿನಾರು’ ಎಂದು ನಾಮಕರಣ ಮಾಡಿತು. ಗಿಡ ಮಾತ್ರ ಸಮಿತಿಯ ಗೊಡವೆಗೆ ಹೋಗದೆ ತನ್ನ ಪಾಡಿಗೆ ತಾನು ಭಂಗಿಯಾಗಿಯೇ ಬೆಳೆಯಿತು. ನಶೆ ಏರಿಸುವ ಗುಣವನ್ನು ತಳಿಯಿಂದ ಎಂದೋ ತೆಗೆದುಹಾಕಿದ್ದರು. ಆ ಲೆಕ್ಕದಲ್ಲಿ ಊರಿನಲ್ಲಿ ಅಮಲೇರಿಸಿಕೊಂಡು ಓಡಾಡುತ್ತಿದ್ದವರು ಅಧಿಕಾರಿಗಳು ಮಾತ್ರ.

ಗಿಡದ ಉಪಕಾರ ಒಂದೆರಡಲ್ಲ. ಕಾಂಡದ ಸಿಪ್ಪೆ ಸುಲಿದರೆ ನಾರು. ಆ ನಾರಿನಿಂದ ಸೀರೆ, ಅಂಗಿ, ಹಗ್ಗ. ಒಳಗಿನ ಬೆಂಡನ್ನು ಸುಣ್ಣದಲ್ಲಿ ಕಲಸಿ ಅಚ್ಚಿಗೆ ಹಾಕಿದರೆ ಗೋಡೆ. ಬೇಸಿಗೆಯಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಮಡಕೆಗೆ ಒರಗಿದಂತೆ ತಂಪು. ಬೀಜ ಹಿಂಡಿದರೆ ಎಣ್ಣೆ, ನೆನೆಸಿ ರುಬ್ಬಿದರೆ ಹಾಲು, ಹುರಿದು ಕುಟ್ಟಿದರೆ ಚಟ್ನಿಪುಡಿ. ಬೇಳೆಯಷ್ಟೇ ಪುಷ್ಟಿ, ಮೀನಿನಲ್ಲಿ ಸಿಗುವಂಥ ಒಳ್ಳೆಯ ಕೊಬ್ಬು. ಬಿಸಿಲಿಗೆ ಸೋತು ಎಳ್ಳು ಈ ಸೀಮೆಯಲ್ಲಿ ಬೆಳೆಯುವುದನ್ನೇ ಬಿಟ್ಟ ಮೇಲೆ ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೂ ಈ ಬೀಜವೇ ಬಂತು. ಕಡಲೆ, ಕೊಬ್ಬರಿ, ಬೆಲ್ಲದ ಚೂರಿನ ಜೊತೆ ಹುರಿದ ಭಂಗಿ ಬೀಜ. ಜನ ಅದನ್ನೂ ‘ಎಳ್ಳು’ ಎಂದೇ ಕರೆದರು. ಅದಕ್ಕೆ ಯಾವ ಸಮಿತಿಯೂ ಬೇಕಾಗಲಿಲ್ಲ.

ಇಷ್ಟೆಲ್ಲ ಗುಣಗಾನವನ್ನು ದಿನಾ ಬೆಳಿಗ್ಗೆ ಗೋಡೆಬಾಯಿ ಒದರುತ್ತಿತ್ತು. ಪ್ರತಿ ಮನೆಯ ಅಡುಗೆಕೋಣೆಯ ಗೋಡೆಯಲ್ಲೂ ತಟ್ಟೆಯಷ್ಟಗಲದ ಒಂದು ಧ್ವನಿಪೆಟ್ಟಿಗೆ, ಅದೇ ಗೋಡೆಬಾಯಿ. ಹಾಲು ಕಾಯಿಸುವಾಗ ಪ್ರೋಟೀನು, ಮುದ್ದೆ ತಿರುವುವಾಗ ಪುಷ್ಟಿ, ಮಗು ಮಲಗಿಸುವಾಗ ನಾರಿನಂಶ. ಅದಕ್ಕೆ ಆರಿಸುವ ಗುಂಡಿ ಇಡುವುದು ಬೇಡವೆಂದು ತೀರ್ಮಾನಿಸಿದವರು ಜನರ ಹೊಟ್ಟೆಯನ್ನು ಮಾತ್ರ ಬಲ್ಲವರು, ಕಿವಿಯನ್ನಲ್ಲ.

ಊರಿನ ನೆತ್ತಿಯ ಮೇಲೆ ಹೊಲಗಳನ್ನೂ ಗೋಡೆಬಾಯಿಗಳನ್ನೂ ನಡೆಸುವ ನಿಯಂತ್ರಣ ಕೊಠಡಿ. ಸುತ್ತ ಬೂದು ದಿಬ್ಬಗಳು. ಒಂದು ಕಾಲದಲ್ಲಿ ಚಿನ್ನ ಅಗೆದವರು ಚಿನ್ನ ಎತ್ತಿಕೊಂಡು ಹೋಗಿ, ಅರೆದು ಉಳಿದ ಮಣ್ಣನ್ನು ಇಲ್ಲಿ ಸುರಿದಿದ್ದರು. ಆ ಮಣ್ಣಿನ ತುಂಬ ಪಾಷಾಣ. ಪ್ರಯೋಗಾಲಯದ ಭಾಷೆಯಲ್ಲಿ ಆರ್ಸೆನಿಕ್. ಆ ಮಣ್ಣನ್ನು ತೊಳೆಯುವ ಭಂಗಿ ತಳಿಯನ್ನು ಮಾಡಿದವಳು ಭಾಮಿನಿ.

ಭಾಮಿನಿಯನ್ನು ಸಾಕಿದವಳು ಅಜ್ಜಿ ಪುಟ್ಟತಾಯಮ್ಮ. ಅನ್ನಕ್ಕಿಂತ ಹೆಚ್ಚು ಕಥೆ ತಿನ್ನಿಸಿ ಬೆಳೆಸಿದಳು. ಅದರಲ್ಲೊಂದು ಕಥೆ: ಭೂಮಿತಾಯಿಗೆ ತಾಳಲಾರದ ಹೊಟ್ಟೆನೋವು ಬಂತಂತೆ. ಆರು ಮಂದಿ ಹೆಣ್ಣುಮಕ್ಕಳು ಆರು ದಿಕ್ಕಿಗೆ ಮದ್ದು ತರಲು ಓಡಿದರಂತೆ. ಏಳನೆಯವಳು, ಎಲ್ಲರಿಗಿಂತ ಕಿರಿಯವಳು, ಮಾತ್ರ ಎಲ್ಲಿಗೂ ಹೋಗದೆ ತಾಯಿಯ ಪಕ್ಕದಲ್ಲೇ ಕೂತು, ನೋವನ್ನೆಲ್ಲ ಹೀರಿ ತನ್ನ ಕಿರುಬೆರಳಿನ ಉಗುರಿನಲ್ಲಿ ಇಟ್ಟುಕೊಂಡಳಂತೆ. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

“ಆಮೇಲೆ ಆ ಉಗುರನ್ನ ಕತ್ತರಿಸಿ ಎಲ್ಲಿ ಎಸೆದ್ಲು ಅಜ್ಜಿ?” ಎಂದು ಪುಟ್ಟ ಭಾಮಿನಿ ಪ್ರತಿಸಲವೂ ಕೇಳುತ್ತಿದ್ದಳು.

“ಅದು ಕಥೇಲಿಲ್ಲ. ಮಲ್ಕೋ.”

ದೊಡ್ಡವಳಾದ ಮೇಲೆ ಭಾಮಿನಿ ಅದನ್ನೇ ಗಿಡಕ್ಕೆ ಕಲಿಸಿದಳು. ಅವಳ ತಳಿಯ ಬೇರು ಮಣ್ಣಿನಿಂದ ಪಾಷಾಣ ಹೀರುತ್ತಿತ್ತು. ಹೀರಿದ್ದನ್ನು ಕಾಂಡದಲ್ಲಿ ನಿಲ್ಲಗೊಡದೆ ಪೂರ್ತಿಯಾಗಿ ಬೀಜದೊಳಕ್ಕೆ ತಳ್ಳುತ್ತಿತ್ತು. ಹಾಗಾಗಿ ನಾರು ಶುದ್ಧ, ಬೆಂಡು ಶುದ್ಧ. ಬೀಜವನ್ನು ಯಂತ್ರ ಒಕ್ಕಿ ನೆಲದಡಿಯ ಉಕ್ಕಿನ ಹಗೇವಿಗೆ ಸುರಿದು ಬೀಗ ಹಾಕಿದರೆ ಮುಗಿಯಿತು. ಎಂಟು ಹೊಲಗಳು ಒಳ್ಳೆಯ ಮಣ್ಣಿನವು, ತಿನ್ನುವ ಬೆಳೆಯವು. ದಿಬ್ಬದ ಮೇಲಿನ ಒಂಬತ್ತನೆಯದು ತೊಳೆಯುವ ಹೊಲ. ಅದರ ಬೀಜದಲ್ಲಿ ಒಂದು ವಿಚಿತ್ರವಿತ್ತು. ವಿಷ ತುಂಬಿಕೊಂಡು ಅದು ಬಸುರಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ತಿನ್ನುವ ಬೀಜಕ್ಕಿಂತ ದಪ್ಪ, ನುಣುಪು, ಚೆಂದ. ಹಗೇವಿನ ಕತ್ತಲಲ್ಲಿ ಬಿದ್ದಿರುವುದು ಹೇಗಿದ್ದರೇನು ಎಂದು ಭಾಮಿನಿ ಅದನ್ನು ಹಾಗೇ ಬಿಟ್ಟಿದ್ದಳು.

ಸಂಕ್ರಾಂತಿಯ ಬೆಳಿಗ್ಗೆ ಕೊಠಡಿಯಲ್ಲಿ ಅವಳೊಬ್ಬಳೇ. ಹಬ್ಬದ ದಿನ ಕೆಲಸಕ್ಕೆ ಬರುವುದು ಅವಳಿಗೆ ಒಂದು ಬಗೆಯ ಠೇಂಕಾರ. ಕಿಟಕಿಯ ಕೆಳಗೆ ರೇಷ್ಮೆ ಲಂಗದ ಹುಡುಗಿಯರು ತಟ್ಟೆ ಹಿಡಿದು ಓಡಾಡುತ್ತಿದ್ದರು. ಈ ಮನೆಯ ಕಡಲೆಯನ್ನು ಆ ಮನೆಗೆ ಕೊಡುವುದು, ಆ ಮನೆಯ ಅದೇ ಕಡಲೆಯನ್ನು ಈ ಮನೆಗೆ ತರುವುದು. ಕೂಡಿ ಕಳೆದರೆ ಸೊನ್ನೆ. ಈ ಸೊನ್ನೆಗೆ ಮಲ್ಲಿಗೆ ಮುಡಿದು ಬೇರೆ ಹೋಗಬೇಕು! ಅವಳು ಎಳ್ಳು ಬೀರಲು ಹೋಗುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

ತಿರುಗಿ ನೋಡಿದಾಗ ಹಗೇವಿನ ದೀಪ ಕೆಂಪಗಿತ್ತು. ಕೆಂಪು ಎಂದರೆ ಖಾಲಿ.

ಅವಳು ಕರೆ ಮಾಡಿದ ಮೇಲೆ ಯೋಜನೆಯ ನಿರ್ದೇಶಕ ಸೇತುರಾಮಯ್ಯನವರ ಮುಖ ಪರದೆಯ ಮೇಲೆ ಮೂಡಿತು. ಮನೆಯಲ್ಲಿದ್ದರು, ಹೊಸ ಪಂಚೆ, ಬಾಯಲ್ಲಿ ಕಬ್ಬು.

“ಒಂಬತ್ತರ ಬೀಜ ಎಲ್ಲಿ ಸರ್?”

“ಹಬ್ಬದ ದಿನ ಬೀಜ ಎಲ್ಲಿರುತ್ತಮ್ಮ? ಜನರ ಬಾಯಲ್ಲಿ.”

ಭಾಮಿನಿಗೆ ಮೊದಲು ತಮಾಷೆ ಎನಿಸಿತು. ಅವರು ಕಬ್ಬಿನ ಸಿಪ್ಪೆ ಉಗಿದು ಮುಂದುವರಿಸಿದರು. “ತಿನ್ನೋ ಬೆಳೇಲಿ ಒಳ್ಳೇದೆಲ್ಲ ರಾಜಧಾನಿಗೆ ವಸ್ತುಪ್ರದರ್ಶನಕ್ಕೆ ಹೋಯ್ತಲ್ಲ. ಉಳಿದಿದ್ದು ಮೇಲಿನ ಬೀದಿಗೆ ಸಾಲ್ತು, ನಡುಬೀದಿಗೆ ಸಾಲ್ತು. ಕೆಳಗಿನ ಬೀದಿಗೆ ಕಮ್ಮಿ ಬಿತ್ತು. ಮನೆಗೊಂದು ಪೊಟ್ಟಣ ಅಂತ ಗೋಡೆಬಾಯೀಲಿ ನಾನೇ ಸಾರಿಬಿಟ್ಟಿದ್ದೆ. ಮಾತಿಗೆ ತಪ್ಪೋಕಾಗುತ್ತಾ?”

“ಅದಕ್ಕೆ ಪಾಷಾಣ ಹಂಚಿದ್ರಾ?”

“ನಾಟಕದೋರ ಥರ ಮಾತಾಡಬೇಡಿ. ಕೆಳಗಿನ ಬೀದಿಯೋರ ತಾತ ಮುತ್ತಾತಂದಿರು ಗಣಿ ಧೂಳು ಕುಡಿದೇ ಮೀಸೆ ಬಿಟ್ಟೋರು. ಅವರಿಗೆ ಒಂದು ಚಮಚದಲ್ಲಿ ಏನಾಗುತ್ತೆ? ಮನೆಗೊಂದು ಪೊಟ್ಟಣ, ಒಂದು ದಿನದ ಹಬ್ಬ. ಲೆಕ್ಕ ಹಾಕಿ ನೋಡಿ, ನೀವೇ ಡಾಕ್ಟರೇಟು ಮಾಡಿದೋರು.”

ಭಾಮಿನಿ ಲೆಕ್ಕ ಹಾಕಿದಳು. ಹಾಕಬಾರದಿತ್ತು, ಆದರೆ ಹಾಕಿದಳು. ಒಂದು ಪೊಟ್ಟಣ, ಒಂದು ಸಂಸಾರ, ಕಡಲೆ ಕೊಬ್ಬರಿಯ ನಡುವೆ ಒಬ್ಬೊಬ್ಬರಿಗೆ ಚಮಚದಷ್ಟು ಬೀಜ, ಅದೂ ಒಂದೇ ಸಲ. ಕಾಯಿಲೆ ಬೀಳಿಸುವ ಮಟ್ಟಕ್ಕಿಂತ ಉತ್ತರ ಕೂದಲೆಳೆಯಷ್ಟು ಕೆಳಗೆ ನಿಂತಿತು.

“ಬಂತಲ್ಲ?” ಎಂದರು ಸೇತುರಾಮಯ್ಯ.

“ಬಂತು.”

“ಮತ್ತೆ? ಹೊರಗೆ ಬಾಯಿಬಿಟ್ರೆ ನಾಳೇನೇ ಯೋಜನೆ ಮುಚ್ತಾರೆ. ನಿಮ್ಮ ತಳೀನ ಬುಡಸಮೇತ ಕಿತ್ತು ಬಿಸಾಕ್ತಾರೆ. ಹಬ್ಬ ಮಾಡ್ಕೋ ಹೋಗಮ್ಮ.”

ಪರದೆ ಆರಿತು. ಆ ಮನುಷ್ಯನ ಮೇಲೆ ಅವಳಿಗೆ ಎಂಥ ಹೇಸಿಗೆ ಬಂತೆಂದರೆ, ಅವನ ಮುಖವಿದ್ದ ಗಾಜನ್ನು ಸೆರಗಿನಿಂದ ಒರೆಸಿದಳು. ಆದರೆ ಒರೆಸಿದ್ದು ಗಾಜನ್ನು ಮಾತ್ರ, ಬಾಯಿ ತೆರೆಯಲಿಲ್ಲ. ಕಿಟಕಿಯಾಚೆ ಒಂಬತ್ತನೇ ಹೊಲದಲ್ಲಿ ಅವಳ ತಳಿಯ ಮುಂದಿನ ಬೆಳೆ ಆಳೆತ್ತರ ನಿಂತು ತಲೆದೂಗುತ್ತಿತ್ತು. ಇನ್ನು ನಾಲ್ಕು ಬೆಳೆ ತೆಗೆದರೆ ದಿಬ್ಬವೇ ಒಳ್ಳೆಯ ಮಣ್ಣಾಗುತ್ತದೆ. ಒಂದು ಚಮಚಕ್ಕಾಗಿ ಅದನ್ನು ಕಿತ್ತು ಹಾಕಿಸುವುದೇ? ಲೆಕ್ಕ ಸರಿಯಾಗಿಯೇ ಇದೆಯಲ್ಲ, ಎಂದು ತನಗೆ ತಾನೇ ಹೇಳಿಕೊಂಡು, ಪಾಷಾಣ ಪರೀಕ್ಷೆಯ ಕಡ್ಡಿಗಳಿದ್ದ ಚೀಲವನ್ನು ಹೆಗಲಿಗೇರಿಸಿ ಊಟಕ್ಕೆ ಮನೆಗೆ ಹೊರಟಳು.

ಅವಳ ಮನೆ ನಡುಬೀದಿಯಲ್ಲಿ. ನಡುಮನೆಯಲ್ಲಿ ಅಜ್ಜಿ ಕಾಲು ಚಾಚಿ ಕೂತು ಮೊರದಲ್ಲಿ ಏನೋ ಆರಿಸುತ್ತಿದ್ದಳು. ಸುತ್ತ ಡಬ್ಬಗಳು, ಸಕ್ಕರೆ ಅಚ್ಚುಗಳ ರಾಶಿ, ಕಬ್ಬಿನ ತುಂಡು. ಊರಿನ ಮಕ್ಕಳಿಗೆಲ್ಲ ಸಂಜೆ ಕಥೆ ಹೇಳುವವಳು ಪುಟ್ಟತಾಯಮ್ಮ. ಹಾಗಾಗಿ ಯಾವ ಬೀದಿಯ ಹುಡುಗಿಯೂ ಅವಳಿಗೆ ಎಳ್ಳು ಬೀರದೆ ಮನೆಗೆ ಹೋಗುತ್ತಿರಲಿಲ್ಲ.

“ಬಂದ್ಯಾ ಮಹಾರಾಣಿ? ಹಬ್ಬದ ದಿನಾನೂ ಗಾಜು ನೋಡ್ಕೊಂಡು ಕೂತಿದ್ದಾಯ್ತಾ? ಬಾ, ಬಾಯಿ ಆ ಅನ್ನು.”

ಅಜ್ಜಿ ಹಿಡಿದ ಹಿಡಿಯಲ್ಲಿ ಬೀಜ ಮಿರಮಿರ ಮಿಂಚಿತು. ದಪ್ಪ, ನುಣುಪು, ಚೆಂದ. ಭಾಮಿನಿ ಅಜ್ಜಿಯ ಕೈಯನ್ನೇ ತಟ್ಟಿಬಿಟ್ಟಳು. ಬೀಜ ನೆಲದ ತುಂಬ ಚೆಲ್ಲಿತು.

“ಅಯ್ಯೋ, ಎಳ್ಳು ಚೆಲ್ತಾರೇನೇ, ಮೂದೇವಿ!”

“ಇದು ಯಾರ ಮನೇದು ಅಜ್ಜಿ?”

“ಯಾರ ಮನೇದು ಅಂದ್ರೆ? ಊರಿಂದು. ಕೆಳಗಿನ ಬೀದಿ ನಾಗುಲಮ್ಮನ ಮೊಮ್ಮಗಳು ಕೊಟ್ಟಿದ್ದಷ್ಟು, ಮೇಷ್ಟ್ರ ಹೆಂಡ್ತಿ ಕೊಟ್ಟಿದ್ದಷ್ಟು. ಮೇಷ್ಟ್ರ ಹೆಂಡ್ತಿಗೆ ಯಾರು ಕೊಟ್ಟಿದ್ರೋ. ಮನೇಲಿ ಮಾಡಿದ್ದು ಮುಗಿದ್ಮೇಲೆ ಬಂದಿದ್ದನ್ನೇ ಬೀರ್ತಾರೆ ಕಣೇ. ಮತ್ತೆ ಕೂತು ಕೊಬ್ಬರಿ ಹೆಚ್ತಾರಾ?”

“ಕೆಳಗಿನ ಬೀದಿಯೋರು ಅವರ ಪೊಟ್ಟಣ ಅವರೇ ತಿನ್ನಲಿಲ್ವಾ?”

ಅಜ್ಜಿ ಅವಳನ್ನು ಪೆದ್ದುಮಗುವನ್ನು ನೋಡುವ ಹಾಗೆ ನೋಡಿದಳು. “ಇಷ್ಟು ಚೆನ್ನಾಗಿರೋ ಕಾಳನ್ನ ಯಾರಾದ್ರೂ ತಾವೇ ತಿಂತಾರೇನೇ? ಇದು ಬೀರೋಕೆ. ಚೂರು ಪಾರು ಮನೆಯೋರಿಗೆ, ದಪ್ಪಂದೆಲ್ಲ ಬೇಕಾದೋರಿಗೆ. ನಾನೂ ಅಷ್ಟೇ, ಬಂದಿದ್ರಲ್ಲಿ ದಪ್ಪ ಕಾಳೆಲ್ಲ ಆರಿಸಿ, ನೆನೆಹಾಕಿ, ರುಬ್ಬಿ, ಹಾಲು ತೆಗೆದು ಪಾಯಸ ಮಾಡಿದೀನಿ. ಸಂಜೆ ಮಕ್ಕಳು ಕಥೆಗೆ ಬರ್ತಾವಲ್ಲ.”

ಒಲೆಯ ಮೇಲೆ ದೊಡ್ಡ ಪಾತ್ರೆ. ಭಾಮಿನಿ ಕಡ್ಡಿಯೊಂದನ್ನು ತೆಗೆದು ಪಾಯಸಕ್ಕೆ ಅದ್ದಿ, ಅದರ ಜೊತೆಗಿದ್ದ ಮದ್ದಿನ ಪುಟ್ಟ ಶೀಶೆಗೆ ಇಳಿಸಿದಳು. ಬಿಳಿಯ ತುದಿ ಹಳದಿಯಾಯಿತು, ಹಳದಿ ಕಂದಾಯಿತು, ಕಂದು ಕಪ್ಪಾಯಿತು. ಅವಳ ಚೆಂದದ ಲೆಕ್ಕ, ಕೂದಲೆಳೆಯಷ್ಟು ಕೆಳಗೆ ನಿಂತಿದ್ದ ಲೆಕ್ಕ, ಈ ಪಾತ್ರೆಯೊಳಗೆ ಮುಳುಗಿಹೋಯಿತು. ವಿಷ ಮನೆಗೊಂದು ಪೊಟ್ಟಣವಾಗಿ ನಿಂತಿರಲಿಲ್ಲ. ಊರಿಗೆ ಯಾರು ಹೆಚ್ಚು ಬೇಕಾದವರೋ ಅವರ ಮನೆ ಹುಡುಕಿಕೊಂಡು ಹೋಗಿ ಗುಡ್ಡೆಯಾಗಿತ್ತು.

“ನೀನು ಇದನ್ನ ಕುಡಿದ್ಯಾ?”

“ಮಕ್ಕಳಿಗೆ ಕೊಡೋದನ್ನ ರುಚಿ ನೋಡದೆ ಕೊಡ್ತಾರಾ? ಅರ್ಧ ಲೋಟ ಕುಡಿದೆ. ಆಗ್ಲಿಂದ ಹೊಟ್ಟೆ ಯಾಕೋ ಕಿವುಚ್ತಾ ಇದೆ. ಕಬ್ಬು ಜಾಸ್ತಿಯಾಯ್ತು ಅಂದ್ಕೊಂಡೆ.”

ಭಾಮಿನಿ ಹೇಳಿದಳು. ಹೊಲದ ವಿಷಯ, ಬೀಜದ ವಿಷಯ, ಬೆಳಿಗ್ಗೆ ತನಗೆ ಗೊತ್ತಾದ ವಿಷಯ. ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದಳು. ಅವಳ ತುಟಿ ಬಿಳಿಚಿಕೊಂಡಿತ್ತು.

“ನನ್ನ ಆಸ್ಪತ್ರೆಗೆ ಪಕ್ಕದ್ಮನೆಯೋರು ಕರ್ಕೊಂಡು ಹೋಗ್ತಾರೆ. ನೀನು ಹೋಗು. ಆ ಮಕ್ಕಳ ಬಾಯಿಂದ ಕಿತ್ಕೋ, ಹೋಗು. ಇಲ್ಲಿ ನಿಂತು ನನ್ನ ಮುಖ ಏನು ನೋಡ್ತೀಯ?”

ಮೊಮ್ಮಗಳ ಕಡೆ ತಿರುಗಿಯೂ ನೋಡದೆ ಅವಳು ಅದನ್ನು ಹೇಳಿದಳು.

ಭಾಮಿನಿ ಓಡಿದಳು. ಕೊಠಡಿಗೆ ಬಂದು ಊರಿನ ಎಲ್ಲ ಗೋಡೆಬಾಯಿಗಳನ್ನು ಒಟ್ಟಿಗೆ ತೆರೆದು, ಏದುಸಿರಿನಲ್ಲೇ ಹೇಳಿದಳು: “ಯಾರೂ ಎಳ್ಳು ತಿನ್ನಬೇಡಿ! ಬೀಜದಲ್ಲಿ ಪಾಷಾಣ ಇದೆ. ಮಕ್ಕಳ ಕೈಯಿಂದ ಕಿತ್ಕೊಳ್ಳಿ. ತಿಂದೋರು ಆಸ್ಪತ್ರೆಗೆ ಬನ್ನಿ!” ಮತ್ತೆ ಹೇಳಿದಳು. ಮೂರನೇ ಸಲ ಕೂಗಿಯೇ ಹೇಳಿದಳು.

ಕಿಟಕಿಯಲ್ಲಿ ನೋಡಿದರೆ ಬೀದಿ ಇದ್ದ ಹಾಗೇ ಇತ್ತು. ಹುಡುಗಿಯರು ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಯಾವ ಬಾಗಿಲೂ ದಡಬಡ ತೆರೆಯಲಿಲ್ಲ.

ಅವಳು ಕೆಳಗಿಳಿದು ಮೊದಲ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಇಣುಕಿದಳು. ಗೋಡೆಬಾಯಿಯ ಮೇಲೆ ದಪ್ಪ ಟವೆಲ್ಲು ಹೊದಿಸಿ ಮೊಳೆ ಹೊಡೆದಿದ್ದರು. ಟವೆಲ್ಲಿನೊಳಗಿಂದ ಅವಳದೇ ದನಿ, ಡಬ್ಬದೊಳಗಿನ ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಎರಡನೇ ಮನೆಯಲ್ಲಿ ದಿಂಬು. ಮೂರನೆಯದರಲ್ಲಿ ಕ್ಯಾಲೆಂಡರು, ಅದರ ಹಿಂದೆ ಹತ್ತಿ. ದಿನವಿಡೀ ಪ್ರೋಟೀನು ಪ್ರೋಟೀನು ಎಂದು ಕಿವಿ ಕಚ್ಚಿದ ಬಾಯಿಗೆ ಊರು ಎಂದೋ ಬಟ್ಟೆ ತುರುಕಿತ್ತು. ಆ ಪ್ರವಚನಗಳಲ್ಲಿ ಅರ್ಧವನ್ನು ಬರೆದುಕೊಟ್ಟವಳು ಭಾಮಿನಿಯೇ.

ಇನ್ನು ಉಳಿದದ್ದು ಒಂದೇ ದಾರಿ, ಮನೆಮನೆಗೆ ಹೋಗುವುದು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಎಳ್ಳು ಸೇರಿರುವ ಮನೆ ಯಾವುದೆಂದು ಈಗ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೇತುರಾಮಯ್ಯನವರ ಹೆಂಡತಿ ವಿಶಾಲಮ್ಮ ಬಾಗಿಲು ತೆರೆದು ಅರಿಶಿನ ಕುಂಕುಮದ ತಟ್ಟೆ ಹಿಡಿದೇ ಬಂದರು. ಒಳಗೆ ಸೋಫಾದ ಮೇಲೆ ನಿರ್ದೇಶಕರು, ತೊಡೆಯ ಮೇಲೆ ಬಟ್ಟಲು. ಬಾಯಿ ಆಡುತ್ತಿತ್ತು. ಅವರ ಅಡುಗೆಕೋಣೆಯ ಗೋಡೆಬಾಯಿಯ ಮೇಲೂ ಒಂದು ಟವೆಲ್ಲು. ಸರ್ಕಾರಿ ಮುದ್ರೆಯ ಟವೆಲ್ಲು.

“ಓಹೋ, ಕೊನೆಗೂ ಎಳ್ಳು ಬೀರೋಕೆ ಬಂದ್ರಾ!” ಎಂದರು ಸೇತುರಾಮಯ್ಯ.

“ಬೀರೋಕಲ್ಲ ಸರ್. ವಾಪಸ್ ತಗೊಂಡು ಹೋಗೋಕೆ.”

ಅವಳು ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು, ಅಲ್ಲೇ ಇದ್ದ ನೀರಿನ ಲೋಟದಲ್ಲಿ ಅರೆದು, ಕಡ್ಡಿ ಅದ್ದಿ ಶೀಶೆಗೆ ಇಳಿಸಿದಳು. ಮೂವರೂ ಅದನ್ನೇ ನೋಡಿದರು. ಹಳದಿ. ಕಂದು. ಕಪ್ಪು. ಸೇತುರಾಮಯ್ಯನವರ ದವಡೆ ಅರ್ಧಕ್ಕೇ ನಿಂತಿತು.

“ಕೆಳಗಿನ ಬೀದೀದು ನಮ್ಮನೇಗೆ ಯಾಕೆ ಬರುತ್ತೆ?” ಎಂದರು ಬಾಯಿ ತುಂಬ ಇಟ್ಟುಕೊಂಡೇ.

“ಯಾಕೆ ಬರುತ್ತೆ ಅಂದ್ರೆ?” ವಿಶಾಲಮ್ಮನಿಗೆ ಏನೂ ಗೊತ್ತಿರಲಿಲ್ಲ. “ಬೆಳಿಗ್ಗೆ ಬಂದೋರಲ್ಲಿ ಅರ್ಧ ಆ ಬೀದಿ ಹುಡುಗೀರೇ ಅಲ್ವೇನ್ರೀ? ಸಾಹೇಬ್ರಿಗೆ ಅಂತ ಆರಿಸಿ ತಂದಿದ್ವು, ಪಾಪ. ನೀವೇ, ಕಾಳು ಎಷ್ಟು ದಪ್ಪ ಇದೆ ನೋಡೇ ಅಂತ, ಇನ್ನೊಂದು ಬಟ್ಟಲು ಹಾಕಿಸ್ಕೊಂಡ್ರಿ!”

ಸೇತುರಾಮಯ್ಯ ಬಚ್ಚಲಿಗೆ ಓಡಿದರು. ಅವರು ವಾಂತಿ ಮಾಡಿಕೊಳ್ಳುವ ಸದ್ದನ್ನು ಭಾಮಿನಿ ಯಾವ ಕನಿಕರವೂ ಇಲ್ಲದೆ ಕೇಳಿಸಿಕೊಂಡಳು. ಬಾಯಿ ಒರೆಸಿಕೊಂಡು ಬಂದವರ ಮೊದಲ ಮಾತು, “ಎಲ್ಲಾನೂ ಸಂಜೆ ಕಿಚ್ಚಿಗೆ ಹಾಕಿಸಿ. ಸುಟ್ಟು ಬಿಡೋಣ. ಯಾರಿಗೂ ಗೊತ್ತಾಗಲ್ಲ.”

“ಸುಟ್ರೆ ಹೊಗೆ ಆಗಿ ಊರೆಲ್ಲರ ಮೂಗಿಗೆ ಹೋಗುತ್ತೆ. ನೀವು ಆಸ್ಪತ್ರೆಗೆ ಹೋಗಿ ಸರ್. ನಿಮ್ಮ ತಾತ ಗಣಿ ಧೂಳು ಕುಡಿದಿಲ್ಲ.”

ವಿಶಾಲಮ್ಮ ಒಳಗಿನಿಂದ ದೊಡ್ಡ ಬುಟ್ಟಿ ತಂದು, ಡಬ್ಬಗಳನ್ನೆಲ್ಲ ಅದಕ್ಕೆ ಸುರಿದು ಕೊಟ್ಟರು. ಗಂಡನ ಬಟ್ಟಲನ್ನು ಕೊನೆಗೆ ಸುರಿದರು.

ಬುಟ್ಟಿ ಹೊತ್ತು ಭಾಮಿನಿ ಕೆಳಗಿನ ಬೀದಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ನಾಗುಲಮ್ಮ ಜಗಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದಳು. ಆ ಬೀದಿಯಲ್ಲಿ ಅವಳ ಮಾತೇ ಮಾತು.

“ಎಳ್ಳು ವಾಪಸ್ ಕೊಡಿ ನಾಗುಲಮ್ಮ. ಇರೋದೆಲ್ಲ.”

“ಏನಂದೆ? ಕೊಟ್ಟ ಎಳ್ಳು ಕೇಳ್ತಾರೇನಮ್ಮಣ್ಣಿ? ಹಬ್ಬದ ದಿನ ಕೇಳೋ ಮಾತಾ ಇದು?”

“ಅದು ದಿಬ್ಬದ ಹೊಲದ್ದು. ಪಾಷಾಣ ಇದೆ. ನಿಮ್ಮ ಬೀದಿಗೆ ಮಾತ್ರ ಅದನ್ನ ಕೊಟ್ಟಿದ್ದು. ಬೇಕಂತಲೇ.”

ನಾಗುಲಮ್ಮ ಮೆಲ್ಲುವುದನ್ನು ನಿಲ್ಲಿಸಿದಳು. “ನಿಂಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಲು ಆಗಲೂ ಒಂದು ಸಂದು ಇತ್ತು. ಈಗ ತಾನೇ ಎಂದರೆ ಸಾಕಿತ್ತು.

“ಬೆಳಿಗ್ಗೆ.”

ನಾಗುಲಮ್ಮ ಅವಳ ಕಾಲ ಬಳಿ ಕೆಂಪಗೆ ಉಗುಳಿದಳು. ಆಮೇಲೆ ಎದ್ದು, ಸೆರಗು ಸಿಕ್ಕಿಸಿ, ಅವಳ ಕೈಯಿಂದ ಬುಟ್ಟಿ ಕಿತ್ತುಕೊಂಡಳು.

“ನೀನು ಕೇಳಿದ್ರೆ ಈ ಊರಲ್ಲಿ ಯಾರೂ ಕೊಡಲ್ಲ. ನಿಮ್ಮ ಬಾಯಿಗೆ ಎಲ್ಲಾರೂ ಬಟ್ಟೆ ತುರುಕವ್ರೆ. ಹಿಂದೆ ಬಾ. ಬಾಯಿ ಮುಚ್ಕೊಂಡು ಬಾ.”

ಅವಳು ಹಿತ್ತಾಳೆ ತಟ್ಟೆಯೊಂದನ್ನು ಸೌಟಿನಿಂದ ಬಡಿಯುತ್ತಾ ಹೊರಟಳು. ಬೀದಿಯ ಹುಡುಗಿಯರೆಲ್ಲ ಹಿಂದೆ ಸೇರಿಕೊಂಡರು. ಯಾವ ಮನೆಗೆ ತಾನು ಬೀರಿದ್ದೆ ಎಂದು ಒಬ್ಬೊಬ್ಬಳಿಗೂ ನೆನಪಿತ್ತು. ಆ ಮನೆಯವರು ಯಾರಿಗೆ ಬೀರಿದರೆಂದು ಅವರು ಹೇಳಿದರು. ಹೀಗೆ ಬಾಗಿಲಿನಿಂದ ಬಾಗಿಲಿಗೆ, ಬೆಳಿಗ್ಗೆ ಹೋದ ದಾರಿಯಲ್ಲೇ ಎಳ್ಳು ಹಿಂದಕ್ಕೆ ಬಂತು. ಕೊಡುವಾಗ ನಕ್ಕಿದ್ದವರು ಈಗ ಭಾಮಿನಿಯನ್ನು ಒಂದು ಸಲ ನೋಡಿ, ಎರಡನೇ ಸಲ ನೋಡಲು ಅವಳು ಯೋಗ್ಯಳಲ್ಲವೆಂಬಂತೆ ಮುಖ ತಿರುಗಿಸಿಕೊಂಡು ಡಬ್ಬ ಸುರಿದರು. ಮೇಲಿನ ಬೀದಿಯಲ್ಲಿ ಕೆಲವರು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಟಿದ್ದರು. ಕೆಳಗಿನ ಬೀದಿಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಒಳ್ಳೆಯದನ್ನೆಲ್ಲ ಅವರು ಹಂಚಿಬಿಟ್ಟಿದ್ದರು.

ಭಾಮಿನಿ ಆಸ್ಪತ್ರೆಗೆ ಫೋನು ಮಾಡಿದಳು. ಹೊಟ್ಟೆ ತೊಳೆದು ಮದ್ದು ಹಾಕಿದ್ದಾರೆ, ಅಜ್ಜಿ ಮಾತಾಡುತ್ತಿದ್ದಾಳೆ, ಆದರೆ ಮೊಮ್ಮಗಳ ಜೊತೆ ಈಗ ಮಾತು ಬೇಡವಂತೆ ಎಂದು ನರ್ಸು ಹೇಳಿದಳು.

ಹೊತ್ತು ಮುಳುಗುವಾಗ ಊರಿಗೆ ಊರೇ ಒಂಬತ್ತನೇ ಹೊಲದ ಅಂಚಿನಲ್ಲಿ ನಿಂತಿತ್ತು. ಬುಟ್ಟಿ ಬುಟ್ಟಿಯಾಗಿ ಬೀಜ, ಬೆಲ್ಲ, ಕಡಲೆ, ಸಕ್ಕರೆಯ ಗಿಣಿ, ಸಕ್ಕರೆಯ ಆನೆ, ಎಲ್ಲವೂ ಹಗೇವಿನೊಳಕ್ಕೆ ಬಿದ್ದವು. ಪಾಯಸದ ಪಾತ್ರೆಯನ್ನು ಇಬ್ಬರು ಹಿಡಿದು ತಂದು ಪಾತ್ರೆಯ ಸಮೇತ ಇಳಿಸಿದರು. ಕಿರಿಯ ಮಗಳು ಉಗುರನ್ನು ಎಲ್ಲಿ ಎಸೆದಳೆಂದು ಅಜ್ಜಿಯ ಕಥೆ ಯಾಕೆ ಹೇಳುತ್ತಿರಲಿಲ್ಲವೋ! ಭಾಮಿನಿಯೂ ಅದನ್ನು ಕೇಳುವುದನ್ನು ಚಿಕ್ಕಂದಿನಲ್ಲೇ ಬಿಟ್ಟುಬಿಟ್ಟಿದ್ದಳು. ಅವಳ ಹಿಂದೆ ಆಳೆತ್ತರದ ಗಿಡಗಳು ಸರಸರ ಅನ್ನುತ್ತಿದ್ದವು. ನಾಳೆ ಅವನ್ನು ಕೀಳುತ್ತಾರೋ ಬಿಡುತ್ತಾರೋ, ಅದು ಇನ್ನು ಅವಳ ಕೈಯಲ್ಲಿರಲಿಲ್ಲ.

ಉಕ್ಕಿನ ಮುಚ್ಚಳ ಕೂತಿತು. ಅವಳು ಬೀಗ ಹಾಕಿ ಕೀಲಿಯನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದಳು. ನಾಗುಲಮ್ಮ ಅಂಗೈ ಚಾಚಿದಳು.

“ಇಲ್ಲಿ ಕೊಡು.”

“ಇದು ಇಲಾಖೆದು, ನಾಗುಲಮ್ಮ...”

“ಇಲಾಖೆ ಆಸ್ಪತ್ರೇಲಿ ವಾಂತಿ ಮಾಡ್ತಾ ಮಲಗೈತೆ. ಕೊಡು ಇಲ್ಲಿ.”

ಭಾಮಿನಿ ಕೊಟ್ಟಳು. ನಾಗುಲಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ಬುಟ್ಟಿಯನ್ನು ಇವಳ ಕಾಲ ಬಳಿಗೆ ಎಸೆದಳು.

“ಮುಂದಿನ ಹಬ್ಬಕ್ಕೂ ಪೊಟ್ಟಣ ಕಳಿಸ್ರಿ, ಬೇಡ ಅನ್ನಲ್ಲ. ಆದ್ರೆ ತರೋಳು ನೀನೇ ಆಗಿರ್ಬೇಕು. ಪ್ರತಿ ಮನೆ ಬಾಗಿಲಲ್ಲೂ ನಿಂತು, ಮೊದಲನೇ ಹಿಡಿ ನೀನು ತಿನ್ನು. ನಾವು ಕೂತು ನೋಡ್ತೀವಿ.”